ಟ್ರಾನ್ಸಿಸ್ಟರ್ ಕೈಕೊಟ್ಟಿತು ಎಂಬ ಮಾತು

ನಮ್ಮ ಅತ್ತೆ ಭದ್ರಾವತಿ ಬಿಟ್ಟು ಶಿವಮೊಗ್ಗಕ್ಕೆ ಬಂದದ್ದು ಯಾಕೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಟ್ರಾನ್ಸಿಸ್ಟರ್ ಕೈಕೊಡ್ತು." ಅಪ್ಪ ಹಾಗೆ ಹೇಳುತ್ತಾರೆ, ಅಮ್ಮ ಹಾಗೆ ಹೇಳುತ್ತಾಳೆ, ಟ್ರಾನ್ಸಿಸ್ಟರ್ ಎಂದರೆ ಹಳೇ ರೇಡಿಯೋ ಎಂದುಕೊಂಡಿರುವ ನೆಂಟರೂ ಹಾಗೇ ಹೇಳುತ್ತಾರೆ. ಕೇಳಿದವರು "ಅಯ್ಯೋ ಪಾಪ" ಅನ್ನುತ್ತಾರೆ, ಕಾಫಿ ಬರುತ್ತದೆ, ಮಾತು ಬೇರೆ ಕಡೆ ಹೊರಳುತ್ತದೆ.

ನನಗೆ ಈ ಉತ್ತರದ ಮೇಲೆ ಆಕ್ಷೇಪವಿದೆ. ಕಾಲೇಜಿನಲ್ಲಿ ವರ್ಷವಿಡೀ ಚರ್ಚಾಸ್ಪರ್ಧೆಗಳಿಗೆ ಓಡಾಡಿದವಳು ನಾನು. ಎಲ್ಲರೂ ತಕರಾರಿಲ್ಲದೆ ಒಪ್ಪಿಕೊಂಡ ವಾಕ್ಯ ಕಂಡರೆ, ಇದನ್ನು ಒಪ್ಪುವುದರಿಂದ ಯಾರಿಗೆ ಅನುಕೂಲ ಎಂದು ಮೊದಲು ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ. ಆ ಟ್ರಾನ್ಸಿಸ್ಟರು ಇರುವ ಬೋರ್ಡು ಈಗ ನನ್ನ ಮೇಜಿನ ಮೇಲೇ ಇದೆ. ಒಂದು ಪಕ್ಕ ಹೆರೆದ ಮೆಣಸಿನ ಕಾಳಿನಂಥ ಕಪ್ಪು ಮೈ, ಕೆಳಗೆ ಮೂರು ಕಾಲು. ಮೀಟರ್ ಇಟ್ಟು ನೋಡಿದ್ದೇನೆ. ಅದು ಸತ್ತಿಲ್ಲ. ಯಾವತ್ತೂ ಸತ್ತಿರಲಿಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆ ಬೇಡ ಎಂದವಳು. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಕಡೆಯ ಒಂದು ಓಣಿಯಲ್ಲಿ ಬಾಡಿಗೆ ಮನೆ ಹಿಡಿದು ಬ್ಲೌಸ್ ಹೊಲಿಯುತ್ತಿದ್ದಳು. ಒಂಟಿ ಎಂಬ ಮಾತು ಅವಳಿಗೆ ಒಪ್ಪುವಂಥದ್ದಲ್ಲ. ಅಳತೆ ಕೊಡಲು, ಕೊಟ್ಟ ಬ್ಲೌಸು ಬಿಗಿಯಾಯಿತೆಂದು ಜಗಳವಾಡಲು, ಸುಮ್ಮನೆ ಕೂತು ಹೋಗಲು ಬೆಳಗಿನಿಂದ ಹೆಂಗಸರು ಬರುತ್ತಲೇ ಇರುತ್ತಿದ್ದರು. ಕೆಲವು ವರ್ಷಗಳಿಂದ ಅವಳಿಗೆ ಕಿವಿ ಮಂದವಾಗುತ್ತ ಬಂತು. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಎಲ್ಲವನ್ನೂ ಹಿಡಿಯುತ್ತಾಳೆ. ಕಿವಿಗೆ ಮಷೀನು ಕೊಡಿಸಿದ್ದರು. ಹೊಲಿಯಲು ಕೂತಾಗ ಮಾತ್ರ ಅದನ್ನು ಬಿಚ್ಚಿ ಬಾಬಿನ್ ಡಬ್ಬಿಯಲ್ಲಿ ಇಟ್ಟುಬಿಡುತ್ತಿದ್ದಳು.

"ಕಿವೀಲೊಂದು ಮಷೀನು, ಕಾಲಲ್ಲೊಂದು ಮಷೀನು. ಎರಡೂ ಸೇರಿ ನನ್ನ ತಲೇನೇ ಹೊಲೀತಾವೆ ಕಣೇ," ಅನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅಪ್ಪ ಶಿವಮೊಗ್ಗದಿಂದ ಹೋಗಿ ಬಾಗಿಲು ಬಡಿದರು. ಬೆಲ್ ಒತ್ತಿದರು, ಕಿಟಕಿ ಗುದ್ದಿದರು, ಫೋನ್ ಮಾಡಿದರು. ಒಳಗಿನಿಂದ ಹೊಲಿಗೆ ಮಷೀನಿನ ಸದ್ದು ಬರುತ್ತಲೇ ಇತ್ತು. ಕೊನೆಗೆ ಪಕ್ಕದ ಮನೆಯ ತಮಿಳಿನ ಅಕ್ಕ ಹಿತ್ತಲ ಕಡೆಯಿಂದ ಹೋಗಿ ಭುಜ ಮುಟ್ಟಿದಾಗಲೇ ಅತ್ತೆ ತಲೆ ಎತ್ತಿದ್ದು. ಅಪ್ಪ ಅವತ್ತು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತೀರ್ಮಾನ ಹೇಳಿದರು.

"ಮಹಡಿ ಮೇಲಿನ ರೂಮಿದೆಯಲ್ಲ, ಬಂದಿರ್ಲಿ. ಯಾರು ಬೇಡ ಅಂತಾರೆ?"

"ಅತ್ತೇನೇ ಬೇಡ ಅಂತಾಳಲ್ಲ," ಅಂದೆ.

"ಅವಳಿಗೇನು ಗೊತ್ತಾಗುತ್ತೆ? ಬಾಗಿಲು ಒಡೆದ್ರೂ ಗೊತ್ತಾಗಲ್ಲ."

"ಕಿವಿ ಕೇಳಲ್ಲ ಅನ್ನೋದೂ ಬುದ್ಧಿ ಇಲ್ಲ ಅನ್ನೋದೂ ಒಂದೇ ಅಲ್ಲ ಅಪ್ಪ. ನೀವು ಒಂದನ್ನ ಹೇಳಿ ಇನ್ನೊಂದನ್ನ ಸಾಬೀತು ಮಾಡ್ತಿದೀರಿ."

"ಶುರುವಾಯ್ತು ನೋಡು ಇವಳ ಸ್ಪರ್ಧೆ. ಇಲ್ಲಿ ಕಪ್ಪು ಇಲ್ಲ ಮಾರಾಯ್ತಿ, ಗೆದ್ರೂ ಕೊಡೋರಿಲ್ಲ." ಆಮೇಲೆ ಸ್ವಲ್ಪ ಮೆತ್ತಗಾಗಿ, "ನೀನೂ ಮನೇಲೇ ಇದೀಯಲ್ಲ, ಅವಳಿಗೆ ಕಿವಿಯಾಗಿರು," ಎಂದರು.

ಆ ರೂಮು ನನಗೆ ಚೆನ್ನಾಗಿ ಗೊತ್ತು. ಡಿಗ್ರಿ ಮುಗಿದ ಮೇಲೆ ಪರೀಕ್ಷೆಗಳಿಗೆಂದು ಓದುತ್ತ ನಾನು ಕೂತಿರುವುದು ಅಲ್ಲೇ. ನಮ್ಮ ಬಡಾವಣೆ ದುರ್ಗಿಗುಡಿಯಲ್ಲಿ ಮನೆಗಳು ಒಂದನ್ನೊಂದು ಒರಗಿಕೊಂಡು ನಿಂತಿವೆ. ಆ ರೂಮಿನ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಬಣ್ಣ ಕಾಣದ ಗೋಡೆ; ಕೈ ಚಾಚಿದರೆ ಅಂಗೈಗೆ ಸಿಮೆಂಟು ತಾಗುತ್ತದೆ. ಹೊತ್ತು ಎಷ್ಟಾಯಿತೆಂದು ತಿಳಿಯಲು ಕೆಳಗೆ ಇಳಿಯಬೇಕು. ಕೆಳಗೆ ಇಳಿದರೆ ಯಾಕೆ ಇಳಿದೆ ಎಂದು ಯಾರಿಗಾದರೂ ಹೇಳಬೇಕು. ಓಣಿ ತುಂಬ ಗಿರಾಕಿಗಳನ್ನು ಇಟ್ಟುಕೊಂಡವಳನ್ನು ಈ ಗೋಡೆಯ ಎದುರು ಕೂರಿಸುವುದು, ಅವಳನ್ನು ಕಾಯಲು ನನ್ನನ್ನು ಕೂರಿಸುವುದು. ಅಪ್ಪನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ವಾದಿಸುವುದು ಕಷ್ಟವಾದದ್ದು ಅದಕ್ಕೇ.

"ಬಾಗಿಲಲ್ಲಿ ಬೆಲ್ ಒತ್ತಿದ್ದು ಅವಳ ಕಣ್ಣಿಗೆ ಕಾಣೋ ಹಾಗೆ ಮಾಡಿದ್ರೆ?" ಎಂದು ಕೇಳಿದೆ.

ಪಿಯುಸಿಯಿಂದಲೂ ಎಲ್ಇಡಿ ದೀಪಗಳನ್ನು ಜೋಡಿಸುವುದು ನನ್ನ ಹುಚ್ಚು. ಗೂಡುದೀಪದೊಳಗೆ ಉಸಿರಾಡಿದಂತೆ ಹೆಚ್ಚಿ ಕಡಿಮೆಯಾಗುವ ಬೆಳಕು, ಮೆಟ್ಟಿಲು ತುಳಿದರೆ ಹತ್ತುವ ಬೆಳಕು. ಅಪ್ಪ ಅದನ್ನೆಲ್ಲ ನೋಡಿದ್ದರು.

"ಮಾಡು. ಕೆಲಸ ಮಾಡಿದ್ರೆ ಅವಳು ಅಲ್ಲೇ ಇರ್ಲಿ. ಕೈಕೊಟ್ರೆ ಮೇಲಿನ ರೂಮು. ಆಮೇಲೆ ವಾದ ಇಲ್ಲ."

ಒಪ್ಪಿಕೊಂಡೆ. ವಿಷಯವನ್ನು ಎದುರು ಪಕ್ಷದವರ ಮಾತಿನಲ್ಲೇ ಒಪ್ಪಿಕೊಳ್ಳಬಾರದು ಎಂದು ನಾನೇ ಜೂನಿಯರ್‌ಗಳಿಗೆ ಪಾಠ ಹೇಳುತ್ತಿದ್ದೆ. "ಕೆಲಸ ಮಾಡೋದು ಅಂದ್ರೇನು? ಅದನ್ನ ತೀರ್ಮಾನಿಸೋರು ಯಾರು?" ಎಂದು ಕೇಳದೆ ಬಸ್ಸು ಹತ್ತಿದೆ.

ಸರ್ಕ್ಯೂಟು ಸರಳ. ಬಾಗಿಲ ಗುಂಡಿ ಒತ್ತಿದರೆ ಹೊಲಿಗೆ ಮಷೀನಿನ ಎದುರಿನ ಗೋಡೆಯಲ್ಲಿ ಬಿಳಿ ಎಲ್ಇಡಿಗಳು ಹತ್ತಬೇಕು. ಕೈ ತೆಗೆದ ಮೇಲೂ ಸ್ವಲ್ಪ ಹೊತ್ತು ಉರಿಯುತ್ತಿರಬೇಕು. ಸೂಜಿಯ ಮೇಲೆ ಕಣ್ಣಿಟ್ಟವಳು ತಲೆ ಎತ್ತುವವರೆಗೆ ಕಾಯಬೇಕಲ್ಲ. ಅದಕ್ಕೇ ಟ್ರಾನ್ಸಿಸ್ಟರು. ಗುಂಡಿಯಿಂದ ಬಂದ ಚೂರು ಕರೆಂಟನ್ನು ಕೆಪ್ಯಾಸಿಟರು ಹಿಡಿದಿಟ್ಟುಕೊಂಡು ಟ್ರಾನ್ಸಿಸ್ಟರಿನ ನಡುವಿನ ಕಾಲಿಗೆ ಮೆಲ್ಲಗೆ ಬಿಡುತ್ತದೆ. ಅದು ಬರುತ್ತಿರುವವರೆಗೆ ಟ್ರಾನ್ಸಿಸ್ಟರು ದೀಪಗಳ ದಾರಿ ತೆರೆದಿಟ್ಟಿರುತ್ತದೆ.

ಮೊದಲ ಸಲ ಮಿಣಿಮಿಣಿ ಎಂದಿತು ಅಷ್ಟೇ. ಕಾರಣ ಹುಡುಕಲು ಹೊತ್ತು ಹಿಡಿಯಲಿಲ್ಲ. ಚಪ್ಪಟೆ ಮುಖ ನೋಡಿಕೊಂಡು ಎಡಗಾಲು ಬಲಗಾಲು ಎಂದು ಗುರುತಿಟ್ಟವಳು, ಬೆಸುಗೆ ಹಾಕಲು ಬೋರ್ಡನ್ನು ಮಗುಚಿದ ಮೇಲೂ ಅದೇ ಎಡ ಬಲ ಹಿಡಿದಿದ್ದೆ. ಬಿಚ್ಚಿ ತಿರುಗಿಸಿ ಹಾಕಲು ಹೊರಟಾಗ ನಿಜವಾದ ಕಾಟ ಶುರುವಾಯಿತು. ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಟ್ರಾನ್ಸಿಸ್ಟರಿನ ಕಾಲುಗಳು ಮಂಕಾಗಿದ್ದವು. ಬೆಸುಗೆಯ ತಂತಿ, ಅಂದರೆ ಸೋಲ್ಡರು, ಕರಗಿ ಎಣ್ಣೆ ಸವರಿದ ಎಲೆಯ ಮೇಲಿನ ನೀರಿನಂತೆ ಗುಂಡಗಾಗಿ ಉರುಳಿ ಹೋಗುತ್ತಿತ್ತು. ಜಾಸ್ತಿ ಹೊತ್ತು ಕಾಯಿಸಿದರೆ ಟ್ರಾನ್ಸಿಸ್ಟರೇ ಸುಟ್ಟೀತು, ಬೇಗ ತೆಗೆದರೆ ಬೆಸುಗೆ ಹಿಡಿಯದು.

ಅತ್ತೆ ಮಷೀನು ನಿಲ್ಲಿಸಿ ನೋಡುತ್ತಿದ್ದಳು. "ಹಿಡೀತಿಲ್ವಾ? ಪೇಸ್ಟ್ ಹಚ್ಚು ಮಾರಾಯ್ತಿ."

"ಈ ಸೋಲ್ಡರ್ ತಂತಿ ಒಳಗೇ ಪೇಸ್ಟ್ ಇರುತ್ತೆ ಅತ್ತೆ."

"ಒಳಗಿದ್ರೆ ಏನು ಬಂತು? ಹೊರಗೆ ಹಚ್ಬೇಕು." ಎದ್ದು ಹೋಗಿ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಒಂದು ಚಪ್ಪಟೆ ಡಬ್ಬಿ ತಂದಳು. ತಾತನದು. ಕಾರ್ಖಾನೆ ಕೆಲಸದ ಜೊತೆಗೆ ತಾತ ಓಣಿಯವರ ಕೊಡಗಳಿಗೆ, ಬಾಯ್ಲರುಗಳಿಗೆ ಬೆಸುಗೆ ಹಾಕಿಕೊಡುತ್ತಿದ್ದರಂತೆ. "ಅಪ್ಪಯ್ಯ ಹೇಳೋರು, ಪೇಸ್ಟು ಮೊದ್ಲು ತಿನ್ಬೇಕು. ಅದು ತಿಂದ್ರೇನೇ ಬೆಸುಗೆ ನಿಲ್ಲೋದು."

ಮೂಗಿಗೆ ಹತ್ತುವ ಹುಳಿ ವಾಸನೆ. ಬೆಂಕಿಕಡ್ಡಿಯ ತುದಿಯಲ್ಲಿ ಅತ್ತೆಯೇ ಹಚ್ಚಿದಳು. ಕಾದ ಸೋಲ್ಡರಿಂಗ್ ಐರನ್ ಮುಟ್ಟಿಸಿದ್ದೇ ತಡ, ಚುಂಯ್ ಎಂದು ಹೊಗೆ ಎದ್ದು ಸೋಲ್ಡರು ಕಾಲಿನ ಸುತ್ತ ನೀರಿನಂತೆ ಹರಡಿತು. ಕನ್ನಡಿಯಂಥ ಹೊಳಪು. ಅಂಥ ಬೆಸುಗೆಯನ್ನು ನಾನು ಅದುವರೆಗೆ ಹಾಕಿರಲಿಲ್ಲ. ಬೆಸುಗೆ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವ ಲಕ್ಷಣವೇ ಹೊಳಪು ಎಂದು ಎಲ್ಲ ಕಡೆ ಬರೆದಿರುತ್ತದೆ. ಸಾಕ್ಷಿ ಕಣ್ಣೆದುರಿಗಿತ್ತು, ನಂಬಿದೆ.

ತಮಿಳಿನ ಅಕ್ಕ ಹೋಗಿ ಗುಂಡಿ ಒತ್ತಿದರು. ಗೋಡೆ ಬೆಳಗಿತು. ಅತ್ತೆ ಬಾಗಿಲು ತೆರೆದು, "ಯಾರಮ್ಮ? ಅಳತೆ ತಂದಿದೀರಾ?" ಎಂದಳು. ಅಕ್ಕ, "ನಮ್ಮನೆ ಗಂಡಸಿಗೂ ಹಿಂಗೇ ಒಂದು ಲೈಟ್ ಹಾಕ್ಕೊಡಮ್ಮ, ಕಿವಿ ಸರಿ ಇದ್ದೂ ನಾನು ಕೂಗಿದ್ದು ಕೇಳಲ್ಲ ಅದಕ್ಕೆ," ಎಂದರು. ಅತ್ತೆ ಸುಮ್ಮಸುಮ್ಮನೆ ಮತ್ತೆ ಮತ್ತೆ ಒತ್ತಿಸಿ ಬಾಗಿಲು ತೆರೆದಳು. ಸಂಜೆ ಬಸ್ಸಿನಲ್ಲಿ ನಾನು ಗೆದ್ದವಳಂತೆಯೇ ಕೂತು ಬಂದೆ.

ಮಳೆ ಹಿಡಿದ ಮೇಲೆ ಅತ್ತೆಯ ಮೆಸೇಜುಗಳು ಬರತೊಡಗಿದವು. "ದೀಪ ಹತ್ತಿದೆ. ಬಾಗಿಲಲ್ಲಿ ಯಾರೂ ಇಲ್ಲ." ಆಮೇಲೆ, "ಇವತ್ತೂ ಯಾರೂ ಇಲ್ಲ. ಯಾವುದೋ ದೆವ್ವ ಬ್ಲೌಸ್ ಹೊಲಿಸ್ಕೊಳ್ಳೋಕೆ ಬರ್ತಿದೆ, ಅಳತೆ ಕೊಡೋಕೆ ನಾಚಿಕೆ ಅದಕ್ಕೆ." ನಕ್ಕೆ. ಹೋಗಿ ನೋಡಿದೆ. ಗುಂಡಿ ಒತ್ತದೆಯೇ ದೀಪಗಳು ಮಂಕಾಗಿ ಉರಿಯುತ್ತಿದ್ದವು. ಬಿಸಿಲು ಬಂದರೆ ತಾವಾಗಿಯೇ ಆರುತ್ತಿದ್ದವು. ಗುಂಡಿಯ ವೈರು ಬಿಚ್ಚಿದೆ, ಆದರೂ ಉರಿಯಿತು. ಅಂದರೆ ತಪ್ಪು ಬಾಗಿಲಲ್ಲಿಲ್ಲ, ಬೋರ್ಡಿನಲ್ಲಿದೆ. ಟ್ರಾನ್ಸಿಸ್ಟರನ್ನು ಕಳಚಿ ಮೀಟರಿನಲ್ಲಿ ನೋಡಿದೆ. ನಡುಗಾಲಿನಿಂದ ಅತ್ತಿತ್ತಲಿನ ಕಾಲುಗಳಿಗೆ ಕರೆಂಟು ಒಂದು ದಿಕ್ಕಿನಲ್ಲಿ ಹೋಗಬೇಕು, ಇನ್ನೊಂದು ದಿಕ್ಕಿನಲ್ಲಿ ಹೋಗಬಾರದು. ಹಾಗೇ ಇತ್ತು. ನಿರಪರಾಧಿ.

ಶಿವಮೊಗ್ಗದಲ್ಲಿ ನಾನು ಬಿಡಿಭಾಗ ಕೊಳ್ಳುವ ಅಂಗಡಿಯವರು ಕೇಳುವ ಮೊದಲೇ ತೀರ್ಪು ಕೊಟ್ಟರು. "ಡೂಪ್ಲಿಕೇಟ್ ಮಾಲು ಮೇಡಂ. ಈಗ ಬರೋದೆಲ್ಲ ಡೂಪ್ಲಿಕೇಟೇ."

"ನಿಮ್ಮ ಅಂಗಡೀದೇ ಅಲ್ವಾ ಅದು?"

"ಅದಕ್ಕೇ ಹೇಳ್ತಿದೀನಲ್ಲ."

ಮತ್ತೆ ಭದ್ರಾವತಿಗೆ ಹೋಗಿ ಕಳಚಿದ್ದನ್ನೇ ವಾಪಸ್ ಹಾಕಿದೆ. ಕಾಲು ಹಿಡಿಯಲಿ ಎಂದು ತಾತನ ಪೇಸ್ಟನ್ನು ಇನ್ನಷ್ಟು ಹಚ್ಚಿ. ಬೆಸುಗೆ ಮತ್ತೆ ಕನ್ನಡಿಯಾಯಿತು. ಅವತ್ತು ಬಿಸಿಲಿತ್ತು, ದೀಪ ತೆಪ್ಪಗಿತ್ತು. ನಾನು ಮನೆಗೆ ಬಂದೆ. ಮತ್ತೆ ಮೋಡ ಕವಿಯಿತು, ಮೆಸೇಜು ಬಂತು: "ದೆವ್ವ ಬಂದಿದೆ. ಏಳೋಕೆ ಹೋಗ್ಲಿಲ್ಲ ಇವತ್ತು."

ಈ ಕೊನೆಯ ವಾಕ್ಯವನ್ನು ನಾನು ಓದಿದ್ದೆ. ಅದರ ಅರ್ಥ ಏನೆಂದು ಆಗ ಯೋಚಿಸಲಿಲ್ಲ.

ಇನ್ನೊಂದು ಸಲ ಹೋಗಿ ಬೋರ್ಡನ್ನೇ ಬಿಚ್ಚಿ ತರೋಣ ಎಂದುಕೊಂಡಿರುವಾಗಲೇ ಅಪ್ಪನ ಫೋನು ಬಂತು, ಭದ್ರಾವತಿಯಿಂದ.

"ಕೈಕೊಡ್ತಲ್ಲೇ ನಿನ್ನ ಟ್ರಾನ್ಸಿಸ್ಟರು! ಒತ್ತಿ ಒತ್ತಿ ಬೆರಳು ನೋವು ಬಂತು. ಹಿತ್ತಲಿಂದಾನೇ ಹೋಗ್ಬೇಕಾಯ್ತು ಇವತ್ತೂ."

ದೀಪ ಸುಮ್ಮಸುಮ್ಮನೆ ಹತ್ತುತ್ತದೆ, ಹತ್ತದೆ ಇರುವುದಿಲ್ಲ ಎಂದೆ. "ಸರಿ, ಸರಿ, ಆಮೇಲೆ ವಾದ ಇಲ್ಲ ಅಂತ ಮಾತಾಗಿತ್ತು," ಎಂದರು. ಸಂಜೆ ಅತ್ತೆ, ಅವಳ ಮಷೀನು, ಬಟ್ಟೆಯ ಗಂಟುಗಳು ಎಲ್ಲ ಒಂದು ಗೂಡ್ಸ್ ಆಟೊದಲ್ಲಿ ದುರ್ಗಿಗುಡಿಗೆ ಬಂದಿಳಿದವು. ಅಪ್ಪ ಮಷೀನನ್ನು ತಾವೇ ಹೊತ್ತು ಮಹಡಿ ಹತ್ತಿಸಿ, ಕಿಟಕಿಯ ಪಕ್ಕ ಇಟ್ಟು, "ಬೆಳಕು ಸಾಕಾ ನೋಡು," ಎಂದು ಅವಳ ಮುಖ ನೋಡಿ ಕೇಳಿದರು. ಅತ್ತೆ ಗೋಡೆ ನೋಡಿದಳು. "ಲೈಟ್ ಹಾಕ್ಕೋತೀನಿ ಅಣ್ಣ," ಎಂದಳು.

ಮಾರನೇ ದಿನ ನಾನು ಸಾಮಾನಿನ ಜೊತೆ ಬಂದಿದ್ದ ಬೋರ್ಡನ್ನು ಬಿಚ್ಚಿದೆ. ಟ್ರಾನ್ಸಿಸ್ಟರನ್ನು ಸ್ವಲ್ಪ ಬಾಗಿಸಿ ನೋಡಿದರೆ ಅದರ ಕಾಲುಗಳ ನಡುವೆ ಹಸಿರು ಬಿಳಿ ಹಕ್ಕಳೆ, ಹಳೇ ಬ್ಯಾಟರಿಯ ಬಾಯಲ್ಲಿ ಕಟ್ಟುತ್ತದಲ್ಲ, ಹಾಗೆ. ಬೆರಳಿಗೆ ಅಂಟಿದ್ದನ್ನು ಮೂಸಿದರೆ ಅದೇ ಹುಳಿ. ಎಲ್ಲ ತಿಳಿಯಿತು. ತಾತನ ಪೇಸ್ಟು ತಗಡಿನ ಕೆಲಸದ್ದು, ಆಸಿಡ್ ಇರುವಂಥದ್ದು. ತಾತ ಹೇಳಿದ್ದು ಸುಳ್ಳಲ್ಲ, ಅದು ತಿನ್ನುತ್ತದೆ. ತಿಂದು ನಿಲ್ಲಿಸುವುದಿಲ್ಲ ಅಷ್ಟೇ. ತಾತ ಬೆಸುಗೆ ಹಾಕಿದ ಕೊಡ ಅವತ್ತೇ ನೀರಿಗೆ ಹೋಗಿ ತೊಳೆದುಕೊಳ್ಳುತ್ತಿತ್ತು, ಹಾಗಾಗಿ ಯಾರಿಗೂ ಅದು ಗೊತ್ತಾಗಲಿಲ್ಲ. ಬೋರ್ಡನ್ನು ಯಾರು ತೊಳೆಯುತ್ತಾರೆ? ಗಾಳಿಯಲ್ಲಿ ತೇವ ಏರಿದಾಗಲೆಲ್ಲ ಆ ಹಕ್ಕಳೆ ಒದ್ದೆಯಾಗಿ, ದೀಪದ ಕಡೆಯ ಕಾಲಿನಿಂದ ನಡುಗಾಲಿಗೆ ಕರೆಂಟು ಕಳ್ಳದಾರಿಯಲ್ಲಿ ಹರಿದು ದೀಪ ತಾನಾಗಿ ಉರಿಯುತ್ತಿತ್ತು. ಕಬ್ಬಿಣದ ಊರಿನ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು. ತಗಡಿನದನ್ನೂ ಬೋರ್ಡಿನದನ್ನೂ ನಾವು ಪೇಸ್ಟ್ ಎಂದೇ ಕರೆಯುತ್ತೇವಲ್ಲ.

ಸ್ಪಿರಿಟಿನಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಹಳೇ ಬೆಸುಗೆಯನ್ನೆಲ್ಲ ತೆಗೆದು, ಕಾಲುಗಳನ್ನು ಬ್ಲೇಡಿನಿಂದ ಹೆರೆದು, ಬೇರೆ ಪೇಸ್ಟ್ ಇಲ್ಲದೆ ಹೊಸದಾಗಿ ಹಾಕಿದೆ. ಒದ್ದೆ ಬಟ್ಟೆಯ ಪಕ್ಕ ಇಟ್ಟರೂ ಈಗ ಉರಿಯುವುದಿಲ್ಲ. ಗುಂಡಿ ಒತ್ತಿದರೆ ಹತ್ತುತ್ತದೆ, ಬಿಟ್ಟ ಮೇಲೆ ಸಾವಕಾಶವಾಗಿ ಆರುತ್ತದೆ. ತಪ್ಪು ಸಿಕ್ಕಿತು, ಸರಿಯಾಯಿತು, ಅಪ್ಪನ ಮುಂದೆ ಇಟ್ಟು ಅತ್ತೆಯನ್ನು ವಾಪಸ್ ಕಳಿಸೋಣ ಎಂದು ಹಿಗ್ಗಿದೆ. ಬಾಡಿಗೆ ಮನೆಯ ಕೀ ಇನ್ನೂ ಕೊಟ್ಟಿರಲಿಲ್ಲ. ಗೋಡೆಯ ಅಳತೆ ಮತ್ತೊಮ್ಮೆ ನೋಡಿ ಬರಲು ಭದ್ರಾವತಿಗೆ ಹೋದೆ.

ತಮಿಳಿನ ಅಕ್ಕ ಗೋಡೆಯ ಆಚೆಯಿಂದಲೇ ಜಗಳ ತೆಗೆದರು. "ಏನಮ್ಮಾ, ಲೈಟ್ ಕೆಟ್ಟೋಯ್ತು ಅಂತ ಕರ್ಕೊಂಡು ಹೋದ್ರಂತೆ? ಯಾರು ಹೇಳಿದ್ದು ಕೆಟ್ಟೋಯ್ತು ಅಂತ?"

"ಅಪ್ಪ ಒತ್ತಿದ್ರಂತೆ, ಹತ್ತಲಿಲ್ವಂತೆ ಅಕ್ಕ."

"ನಿಮ್ಮಪ್ಪ ನಿಂತಿದ್ದು ಹೊರಗೆ. ಒಳಗೆ ಹತ್ತಿದ್ದು ಅವರಿಗೆ ಹೆಂಗೆ ಕಾಣುತ್ತೆ? ನಾನಿಲ್ಲಿ ಬಟ್ಟೆ ಹಾಕ್ತಿದ್ದೆ. ಈ ಸೈಡ್ ಕಿಟಕೀಲಿ ಗೋಡೆ ಎಲ್ಲ ಬೆಳ್ಳಗೆ ಆಗಿತ್ತು. ನಿಮ್ಮತ್ತೆ ಬಗ್ಗಿ ಹೊಲೀತಾನೇ ಇದ್ರು."

"ಮಂಕಾಗಿತ್ತಾ, ಜೋರಾಗಿತ್ತಾ?"

"ಲೈಟ್ ಲೈಟೇ ಅಲ್ವಾಮ್ಮ. ಹತ್ತಿತ್ತು."

ಒಳಗೆ ಹೋಗಿ ಆ ಪಕ್ಕದ ಕಿಟಕಿಯ ಬಳಿ ನಿಂತೆ. ಅತ್ತೆ ಕೂರುತ್ತಿದ್ದ ಜಾಗದಿಂದ ಬಾಗಿಲು ಕಾಣುವುದಿಲ್ಲ, ಆದರೆ ಓಣಿಯ ಬಾಯಿ ಕಾಣುತ್ತದೆ. "ಆಟೊ ಎಲ್ಲಿ ನಿಂತಿತ್ತು ಅವತ್ತು?" ಎಂದು ಕೇಳಿದೆ.

"ಅಲ್ಲೇ, ಓಣಿ ಬಾಯಲ್ಲಿ. ಒಳಗೆ ತಿರುಗಲ್ಲ ಅದು. ನಿಮ್ಮಪ್ಪ ಬರೋವಾಗ್ಲೇ ಅದ್ರಲ್ಲೇ ಬಂದ್ರು."

ಬರುವಾಗಲೇ. ದೀಪ ಪರೀಕ್ಷಿಸಲು ಹೋದವರು ಗೂಡ್ಸ್ ಆಟೊದಲ್ಲಿ ಯಾಕೆ ಹೋದರು? ಮನೆಗೆ ಬಂದು ಅಪ್ಪನನ್ನು ಕೇಳಿದೆ. ಹೊಳೆಹೊನ್ನೂರಿನಿಂದ ಅಕ್ಕಿ ಮೂಟೆ ತರುವುದಿತ್ತು, ಹಾಗೇ ಅತ್ತ ಹೋದೆ ಎಂದರು. ಅಕ್ಕಿ ಮೂಟೆ ಬಂದದ್ದನ್ನು ನಾನು ನೋಡಲಿಲ್ಲ ಎಂದೆ. "ಮೂಟೆಗೂ ಸಾಕ್ಷಿ ಬೇಕಾ ನಿಂಗೆ?" ಎಂದು ಪೇಪರು ಎತ್ತಿಕೊಂಡರು.

ಅವತ್ತಿನಿಂದ ನಾನು ಸಿಕ್ಕಿಕೊಂಡಿದ್ದೇನೆ. ದೀಪ ಹತ್ತಿತ್ತು, ಅದು ಮೋಡದ ದಿನದ ಕಳ್ಳ ಬೆಳಕು ಎಂದುಕೊಂಡು ಅತ್ತೆ ಏಳಲಿಲ್ಲ. ಇದು ಒಂದು ವಾದ. ಹಾಗಾದರೆ ತಪ್ಪು ಪೇಸ್ಟಿನದು. ಅದನ್ನು ತೊಳೆದಾಗಿದೆ, ಅವಳು ನಾಳೆಯೇ ಹಿಂತಿರುಗಬಹುದು. ಇನ್ನೊಂದು ವಾದ, ಅತ್ತೆ ಕಿಟಕಿಯಿಂದ ಗೂಡ್ಸ್ ಆಟೊ ನೋಡಿದಳು, ಅಣ್ಣ ಇಳಿದದ್ದು ನೋಡಿದಳು, ಗೋಡೆ ಬೆಳಗಿದ್ದೂ ನೋಡಿದಳು, ತನ್ನನ್ನು ಕರೆದೊಯ್ಯಲೇ ಬಂದಿದ್ದಾನೆಂದು ತಿಳಿದು ತಲೆ ತಗ್ಗಿಸಿ ಹೊಲಿಯುತ್ತಲೇ ಹೋದಳು. ಹಾಗಾದರೆ ದೀಪ ನೂರಕ್ಕೆ ನೂರು ಕೆಲಸ ಮಾಡಿತ್ತು, ಅದನ್ನು ಅಪ್ಪನಿಗೆ ಸಾಬೀತು ಮಾಡಿದರೆ ತಂಗಿ ತನಗೆ ಬಾಗಿಲು ತೆರೆಯಲಿಲ್ಲ ಎಂದು ಸಾಬೀತು ಮಾಡಿದಂತೆ. ಆಮೇಲೆ ಅವಳು ಎಲ್ಲಿದ್ದರೂ ಅಣ್ಣ ತಂಗಿಯ ನಡುವೆ ಆ ಮುಚ್ಚಿದ ಬಾಗಿಲು ಇರುತ್ತದೆ. ಸುಮ್ಮನಿದ್ದರೆ ಟ್ರಾನ್ಸಿಸ್ಟರು ಅಪರಾಧಿ, ಅತ್ತೆ ಈ ರೂಮಿನಲ್ಲಿ, ನಾನು ಅವಳ ಕಿವಿ. ಮಂಕಾಗಿತ್ತೋ ಜೋರಾಗಿತ್ತೋ ಎಂದು ಬೋರ್ಡನ್ನೇ ಕೇಳಬಹುದಿತ್ತು. ಅಷ್ಟು ತೇವಕ್ಕೆ ಎಷ್ಟು ಬೆಳಕು ಬರುತ್ತದೆಂದು ಅಳೆದು ನೋಡಬಹುದಿತ್ತು. ಅಳೆಯುವ ಮೊದಲೇ ಸ್ಪಿರಿಟಿನಲ್ಲಿ ತೊಳೆದಾಗಿತ್ತು.

ಪರ ವಿರೋಧ ಎರಡನ್ನೂ ಮಾತಾಡಿ ಗೆದ್ದವಳಿಗೆ ಇಲ್ಲಿ ಎರಡು ಕಡೆಯೂ ಸೋಲು. ಅಪ್ಪ ಟ್ರಾನ್ಸಿಸ್ಟರಿನ ಮಾತು ಹೇಳುವಾಗ ಅತ್ತೆಯೂ ಅಲ್ಲೇ ಇರುತ್ತಾಳೆ. ಅವರ ತುಟಿ ಓದುತ್ತಾಳೆ. ಹೌದೆಂದೂ ಅಲ್ಲವೆಂದೂ ಅನ್ನುವುದಿಲ್ಲ.

ಇವತ್ತು ಬೆಳಿಗ್ಗೆ ಬಾಡಿಗೆ ಮನೆಯ ಮಾಲೀಕರು ಕೀ ಕೇಳಿ ಫೋನ್ ಮಾಡಿದ್ದರು. ನಾಳೆ ತಂದುಕೊಡುತ್ತೇನೆ ಎಂದು ಅಪ್ಪ ಹೇಳಿದ್ದು ಕೇಳಿಸಿತು. ಮಹಡಿ ಹತ್ತಿ ಬಂದೆ. ಅತ್ತೆ ಕಿಟಕಿಯ ಗೋಡೆಗೆ ಬೆನ್ನು ಹಾಕಿ, ಹಗಲಲ್ಲೇ ಲೈಟು ಹಾಕಿಕೊಂಡು, ಅಮ್ಮನ ಹಳೇ ಬ್ಲೌಸೊಂದನ್ನು ಬಿಚ್ಚುತ್ತಿದ್ದಳು. ಇಲ್ಲಿ ಅವಳಿಗೆ ಹೊಲಿಯಲು ಬೇರೆ ಯಾರದ್ದೂ ಇಲ್ಲ. ಕಿವಿಯ ಮಷೀನು ಬಾಬಿನ್ ಡಬ್ಬಿಯಲ್ಲಿತ್ತು. ನಾನು ಬೋರ್ಡನ್ನು ಅವಳ ಮಷೀನಿನ ಮೇಲೆ ಇಟ್ಟು ಗುಂಡಿ ಒತ್ತಿದೆ. ರೂಮೆಲ್ಲ ಬೆಳ್ಳಗಾಯಿತು. ಅವಳು ತಲೆ ಎತ್ತಿದಳು. ಬೆಳಕು ಮೆಲ್ಲಗೆ ಆರಿತು. ಆಮೇಲೆ ಅವಳಿಗೆ ನನ್ನ ತುಟಿ ಕಾಣುವಂತೆ ಎದುರಿಗೆ ಕೂತು, ಒಂದೊಂದೇ ಮಾತು ಬಿಡಿಸಿ ಕೇಳಿದೆ:

"ಅತ್ತೆ, ಅವತ್ತು ಅಪ್ಪ ಬಂದಾಗ ದೀಪ ಹತ್ತಿದ್ದು ನೀನು ನೋಡಿದ್ಯಾ?"